ಸಫೇದ

ಅಪ್ಪ ಮೊದಲು ಅಕಿನ್ನ ಕರ್ರಗ ಬರದಿದ್ದ,
ಮುಂಬಯಿಂದ ಬಂದ ಫೋಟೋದಾಗ ಹೆಂಗಿದ್ದಳೋ ಹಂಗ:
ದೀಪದ ಕಾಡಿಗಿಗೆ ಚೂರು ಕಾವಿ, ಒಂದು ಹನಿ ನೀಲಿ,
ಗಂಗಾಳದಷ್ಟು ಅಗಲ ಕೂದಲಾ, ಕೈಯಾಗ ಬಂದೂಕ.
ಸರಸು ಕಾಸಿ ಬಣ್ಣ ಕಲಿಸಿದಾಕಿ ನಾನು.
"ಕೈ ಹಿಡಿ ಇಲ್ಲೆ" ಅಂದ,
ನನ್ನ ಮೊಣಕೈ ಬಾಜೂಕ ಕುಂಚ ಇಟ್ಟು ತಾಳೆ ನೋಡಿದ.

ದೋಶಿ ಶೇಠ ನಿಚ್ಚಣಿಕಿ ಕೆಳಗ ನಿಂತು
ಪಾನ ಉಗುಳಿ ಅಂದ: "ಗೋರಿ ಮಾಡೋ ಪೇಂಟರ್.
ಇಂಥಾಕಿ ಮಂದಿಗೆ ಮನ್ಯಾಗ ಇಲ್ಲೇನು, ರೊಕ್ಕ ಕೊಟ್ಟು ನೋಡಾಕ?
ಮತ್ತ ಆ ಕೊರಳು, ಎರಡು ಬಟ್ಟು ಕೆಳಗ ಇಳಸು."
ಅಪ್ಪ ಏನೂ ಅನ್ನಲಿಲ್ಲ.
ಸಫೇದದ ಡಬ್ಬಿ ತಗದ.

ಗಿರಣಿ ಸುಟ್ಟಿ ದಿನ, ಮುಂಜಾನಿ ಆಟ, ಅರವತ್ತೈದು ಪೈಸೆ.
ಹೆಂಗಸರ ಬಾಕಿನ ಮ್ಯಾಲ
ನೂಲಿನ ಖಾತೆದ ಅಂಬೂಬಾಯಿ, ಎಲ್ಲವ್ವ, ನಾನು.
ನನಗ ಹದಿನೇಳು. ಹದಿನೆಂಟು ಅಂತ ಅಂಬೂಬಾಯಿ ಆಣಿ ಮಾಡಿದಳು.
ಪರದೆ ಮ್ಯಾಲ ಅಕಿ ಬಂದಳು, ಹಿಂದಿನಿಂದ ಒಬ್ಬ ಕೂಗಿದ:
"ಪೋಸ್ಟರಿನ್ಯಾಕಿ ಎಲ್ಲಿ? ರೊಕ್ಕ ವಾಪಸ ಕೊಡ್ರಿ!"
ಅಷ್ಟರಾಗ ಅಕಿ ಒಬ್ಬನ್ನ ಎತ್ತಿ ಐಸಿನ ಲಾದಿ ಮ್ಯಾಲ ಒಗದಳು.
ಕೂಗಿದಾಂವ ಸುಮ್ಮನಾದ.

ಒಂದು ಮಾತೂ ತಿಳೀಲಿಲ್ಲ. ತಿಳಿಯೂದೇನಿತ್ತು?
ತಮ್ಮನ್ನ ಕೊಂದಾರ. ಪೊಲೀಸರು ನಕ್ಕಾರ.
ಅಕಿ ಬೂಟಿನ ದಾರಾ ಬಿಗೀತಾಳ.
ಎಲ್ಲವ್ವ ಎರಡು ಬೆರಳು ಬಾಯಾಗಿಟ್ಟು ಸಿಳ್ಳು ಹಾಕಿದಳು.
ಮೂರು ಹಡದಾಕಿ, ಅಂಥಾ ಸಿಳ್ಳು
ಇಷ್ಟು ವರ್ಷ ಎಲ್ಲಿ ಮುಚ್ಚಿಟ್ಟಿದ್ದಳೋ.
ಗಿರಣಿ ಭೋಂಗಾ ಆತೇನೋ ಅಂತ ಬ್ಯಾಟರಿಯಾಂವ ಓಡಿ ಬಂದ.

ಆದರ ನಾನು ಪೇಂಟರನ ಮಗಳು, ಕಣ್ಣು ಸುಮ್ಮನಿರೂದಿಲ್ಲ.
ರಕ್ತ ನಮ್ಮ ಡಬ್ಬೀದ, ಅದ ಅಗ್ಗದ ಕೆಂಪು.
ಹೊಡತ ಗೇಣು ದೂರ ತಪ್ಪತಿತ್ತು,
ಸಪ್ಪಳ ಅಷ್ಟ ಗಲ್ಲಕ್ಕ ಮುಟ್ಟತಿತ್ತು.
ದಾದಾನ ಮನಿಗೆ ಬಾಗಲಾ ಒದ್ದು ಹೋಗಬಹುದಿತ್ತು;
ಒದ್ದು ಮುರದದ್ದನ್ನ ನಾವು ಆಗಲೇ ನೋಡಿದ್ದೆವು.
ಆದರೂ ಪ್ರತಿ ಸಲ ಅಕಿ ಅಂಗಿ ಬಿಚ್ಚೇ ಒಳಗ ಹೋಗಬೇಕು.
ಆವಾಗ ಕ್ಯಾಮೆರಾ ದಾದಾನ ಕಣ್ಣಾಗಿ ಮೆಲ್ಲಕ ಇಳೀತಿತ್ತು,
ಎರಡು ಬಟ್ಟಲ್ಲ, ಗೇಣುಗಟ್ಟಲೆ.
ಅಲ್ಲೂ ಒಬ್ಬ ಶೇಠ ಪಾನ ಹಾಕ್ಕೊಂಡು ಕೆಳಗ ನಿಂತಿದ್ದಿರಬೇಕು.
ಅಕಿ ಓಣಿ ಮಂದಿ ಒಂದೋ ಕಳ್ಳರು, ಒಂದೋ ಸೂಳೇರು, ಇಲ್ಲಾ ಹೆಣ.
ಪಾಳಿಗೆ ಹೋಗೂವರು, ರೊಟ್ಟಿ ಬಡಿಯೂವರು, ಬರೇ ಮುಪ್ಪಾಗೂವರು
ಆ ಊರಾಗ ಒಬ್ಬರೂ ಇರಲಿಲ್ಲೇನು?

ಸಿಳ್ಳು ಮಾತ್ರ ಸುಳ್ಳಲ್ಲ, ಅದನ್ನೂ ಹೇಳಬೇಕು.
ಮರುದಿನ ಜಾಬರ್ ಸೊಂಟಕ್ಕ ಕೈ ತಂದಾಗ
ಅಂಬೂಬಾಯಿ ಬಾಬಿನ್ನಿಲೇ ಅವನ ಬೆರಳು ಜಜ್ಜಿದಳು.
ಎಂಟು ದಿನದ ಪಗಾರ ಕಟ್ಟು.
ಸಿನೆಮಾದಾಗ ಅಕಿ ಪಗಾರ ಯಾರೂ ಕಡದಿರಲಿಲ್ಲ.

ಆ ವಾರ ಹಸ್ತಾದ ಮಳಿ, ಒಂದ ತಾಸು.
ಬಲಗಲ್ಲದ ಸಫೇದ ಹರದು ಗಟಾರ ಸೇರಿತು.
ಅರ್ಧ ಮಾರಿ ಗುಲಾಬಿ, ಅರ್ಧ ಮಾರಿ ನನ್ನ ಮೊಣಕೈ,
ಮೂರು ದಿನ ಹಂಗ ನಿಂತಿದ್ದಳು ಸೋಲಾಪುರದ ನವೀ ಪೇಠದಾಗ.
"ಸರಸು ಎಷ್ಟು ಹಾಕಿದ್ದಿ?" ಅಪ್ಪ ಕೇಳಿದ.
"ಯಾವಾಗಲೂ ಹಾಕೂವಷ್ಟ" ಅಂದೆ.
ಶೇಠ ಹದಿನೈದು ರೂಪಾಯಿ ಮುರಕೊಂಡ.
ಅದ ಅರಿವಿ ಮ್ಯಾಲ ಮುಂದಿನ ವಾರ ಭಕ್ತಿ ಚಿತ್ರದ ದೇವಿ,
ಅಕಿನೂ ಗೋರಿ.

ಮುಂದ ಅಕ್ಕಲಕೋಟದವರು ನನ್ನ ನೋಡಾಕ ಬಂದಾಗ
ಅಪ್ಪ "ಗೋಧಿ ಬಣ್ಣ" ಅಂತ ಹೇಳಿ ಕಳಿಸಿದ್ದ.
ನಾನು ಪೌಡರ್ ತೊಳಕೊಂಡು ಬಂದು ಕುಂತೆ.

ಕಡೇ ರೀಲು ನಾವು ನೋಡಲೇ ಇಲ್ಲ.
ಮ್ಯಾಟಿನಿಗೆ ಹೊತ್ತಾತಂತ ಆಪರೇಟರ್ ಹಚ್ಚಲಿಲ್ಲ.
"ಗುಂಡು ಬಡದು ಸತ್ತಿರತಾಳ" ಅಂದಳು ಎಲ್ಲವ್ವ.
"ಛೇ, ಮನಿಗೆ ಹೋಗಿ ಬೂಟು ಬಿಚ್ಚಿ
ಕಾಲು ತಿಕ್ಕೋತ ಕುಂತಿರತಾಳ" ಅಂದಳು ಅಂಬೂಬಾಯಿ,
ತನ್ನ ಊದಿದ ಪಾದ ನೋಡಕೋತ.