ಪುಣೆಯ ಹಿಮ

ಪುಣೆಯಲ್ಲಿ ಹಿಮ ಬೀಳುವುದು
ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಮಾತ್ರ.
ಎಂಟು ಡಿಗ್ರಿ ಅಂತ ಪೇಪರು ಹೇಳುವ ಮೊದಲೇ
ಬೋರಲು ಹಾಕಿ ನೋಡಿರುತ್ತೇನೆ,
ಹನಿಯೂ ಇಳಿಯದು.

ಈ ವಾಡೆಯಲ್ಲಿ ಬಿಸಿಲು ಬರುವುದು ನಮ್ಮ ಗ್ಯಾಲರಿಗೇ,
ಒಂಬತ್ತರಿಂದ ಹತ್ತೂಕಾಲು.
ಹಾಗಾಗಿ ಎಲ್ಲರ ಹಿಮವೂ ಮೆಟ್ಟಿಲು ಹತ್ತುತ್ತದೆ:
ಉಲ್ಕಾಳ ನೀಲಿ ಡಬ್ಬಿ,
ಮುನೀರ್ ದರ್ಜಿಯ ಔಷಧದ ಶೀಶೆ,
ಕೆಳಮನೆಯ ತುಳಪುಳೆ ಕಾಕೂನದು ಮಾತ್ರ
ಹಗ್ಗದ ಬುಟ್ಟಿಯಲ್ಲಿ.
ಚಹಾ ಹೀರುತ್ತ ನಾನು ಕಾವಲು.
ಅಂಚು ಕರಗಿ, ನಡುವೆ
ಬಿಳಿ ಗಡ್ಡೆಗಳು ಈಜಾಡುತ್ತವೆ.

ಹತ್ತೂಕಾಲಾಯಿತು. ಕೂಗಿದರೆ
ಕಾಕೂ ಓಗೊಡಲಿಲ್ಲ.
ಬೆಚ್ಚನೆಯ ಬಾಟಲಿ ಹೊಟ್ಟೆಗವಚಿ ಇಳಿದೆ.
ಕಂಬಳಿಯಿಂದ ಎರಡೂ ಮೊಣಕಾಲು ಹೊರಚಾಚಿ
‘ತಡವಾಯ್ತಲ್ಲೇ’ ಎಂದಳು,
ನಾನೇ ತಿಕ್ಕಬೇಕೆಂದು ಮೊದಲೇ ಗೊತ್ತಿದ್ದವಳ ಹಾಗೆ.

ಅಂಗೈಗೆ ಸುರಿದುಕೊಂಡೆ.
ಮೇಲೆ ನನ್ನ ಬಾಟಲಿ
ಮತ್ತೆ ಹೆಪ್ಪುಗಟ್ಟುತ್ತಿರಬಹುದು.
ಕಟ್ಟಲಿ ಬಿಡು.