ಯಾರಲ್ಲಿ!

ಲಕ್ಕುಂಡಿ, ವೈಶಾಖ. ರಾತ್ರಿ ಒಂಬತ್ತಾದರೂ
ಬಾವಿಯ ಮೆಟ್ಟಿಲನ್ನು ಬಿಸಿಲು ಬಿಟ್ಟಿರಲಿಲ್ಲ.
ಗೋಣಿಚೀಲ ಎರಡು ಮಡಿಕೆ ಹಾಸಿ ಕೂತೆವು,
ತೊಡೆಯ ಮೇಲೆ ಚುರಮರಿ, ಹಸಿಮೆಣಸಿನಕಾಯಿ.

ಕೆಳಗೆ, ನೀರಾರಿದ ತಳದಲ್ಲಿ,
ಪಂಪ್‌ಸೆಟ್ ರಿಪೇರಿಯ ಗೂಳಪ್ಪ ಮಹಾರಾಜ;
ಬೆವರಿಗೆ ಬಣ್ಣ ಇಳಿದು
ಒಂದು ಹುಬ್ಬು ಕೆನ್ನೆಗೆ ಬಂದಿತ್ತು.
"ಯಾರಲ್ಲಿ!" ಅಂದ.
ಆ ಮಾತು ಕಲ್ಲಿಂದ ಕಲ್ಲಿಗೆ ಹತ್ತಿ
ನಮ್ಮ ಹಿಂದಿನ ಖಾಲಿ ಗೂಡಿನೊಳಗಿಂದ
"ಅಲ್ಲಿ... ಅಲ್ಲಿ..."

ನಗೆ ನಿಲ್ಲಲಿಲ್ಲ. ಸೇವಕನ ಪಾರ್ಟಿನ ಹುಡುಗ
ಇನ್ನೂ ದಂಡೆಯ ಮೇಲೆ, ಐಸ್‌ಕ್ಯಾಂಡಿ ಚೀಪುತ್ತ;
"ಬಂದೆ ಮಹಾಪ್ರಭೂ" ಅಂತ
ನಮ್ಮ ಮಂಡಿಗಳ ಸಂದಿಯಲ್ಲೇ ಧಡಧಡ ಇಳಿದ.
ಅವ್ವನ ಕತ್ತಿನ ಮೇಲೆ ಒಂದು ತಣ್ಣನೆ ಹನಿ.

ಆಮೇಲೆ ರಾಜ ಯುದ್ಧಕ್ಕೆ ಹೋದನೋ, ಸತ್ತನೋ,
ಅವ್ವನಿಗೆ ನೆನಪಿಲ್ಲ.
ಈಗಲೂ ಬೇಸಿಗೆಯಲ್ಲಿ ಸೆರಗು ಸರಿಸಿ
ಬೆರಳಿಟ್ಟು ತೋರಿಸುತ್ತಾಳೆ:
ಇಲ್ಲಿ.