ಕೋಣೆಯ ಸದ್ದು

ಮಾತೆಲ್ಲ ಮುಗಿದ ಮೇಲೆ ನನ್ನ ಕೆಲಸ.
ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಬಿದ್ದ ಮೇಲೆ
ಕೈಯೆತ್ತಿ ಹೇಳುತ್ತೇನೆ:
ಯಾರೂ ಅಲುಗಬೇಡಿ. ಮೂವತ್ತು ಸೆಕೆಂಡ್.
ಕೋಣೆ ಸುಮ್ಮನಿರುವುದನ್ನು ಹಿಡಿಯಬೇಕು.

ಒಂದೊಂದು ಕೋಣೆಯ ಮೌನಕ್ಕೆ ಒಂದೊಂದು ದನಿ ಎಂದರೆ
ನಗುತ್ತಾರೆ ಜನ. ನಗಲಿ.
ಲಿಮಾದ ಮೀನುಪೇಟೆಯ ಹಿಂದಿನ ಉಗ್ರಾಣ,
ಗ್ಡಾನ್ಸ್ಕ್‌ನಲ್ಲಿ ರಾತ್ರಿಪಾಳಿ ನರ್ಸುಗಳು ಕಾಲು ಚಾಚುವ ಮೂಲೆ,
ಎಲ್ಲ ಇದೆ ನನ್ನ ಹತ್ತಿರ,
ಊರು ತಾರೀಕು ಬರೆದು ಚೀಟಿ ಅಂಟಿಸಿ
ಉಪ್ಪಿನಕಾಯಿ ಭರಣಿಗಳ ಹಾಗೆ ಸಾಲಾಗಿ.

ಇದು ಲೆಸೊಥೊ.
ಸೆಮೊಂಕಾಂಗ್‌ನಿಂದ ಕುದುರೆಯ ಮೇಲೆ ಎರಡು ತಾಸು.
ಮೈಕನ್ನು ಕಂಬಳಿಯಲ್ಲಿ ಸುತ್ತಿ
ಕೂಸಿನಂತೆ ಎದೆಗೆ ಕಟ್ಟಿಕೊಂಡಿದ್ದೆ.
ಮಾಪಾಲೆಸಾಳ ಮನೆಯಲ್ಲಿ ಮೂರು ಕುರ್ಚಿ;
ಒಂದರ ಮೇಲೆ ಗಂಡನ ಟೋಪಿ.
ಅದನ್ನವಳು ಎತ್ತಲಿಲ್ಲ,
ನಾನು ಹಿಟ್ಟಿನ ಚೀಲದ ಮೇಲೆ ಕೂತೆ.

ಮೊಖೆಥಿ ಇಪ್ಪತ್ತಾರು ವರ್ಷ
ಗಡಿಯಾಚೆ ಚಿನ್ನದ ಗಣಿಯಲ್ಲಿ ಕೊರೆದ.
ಆ ಗಣಿಯೂರಿನ ಹೆಸರು ವೆಲ್ಕಮ್,
ಬನ್ನಿ, ಕೂತುಕೊಳ್ಳಿ ಅಂತ.
ಬಂದು ಕೂತದ್ದು ಧೂಳು,
ಅವನ ಪುಪ್ಪುಸದಲ್ಲಿ, ಕಾಲ ಮೇಲೆ ಕಾಲು ಹಾಕಿ.

ಎಕ್ಸ್-ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.
ಪಕ್ಕೆಲುಬಿನ ನಡುವೆ ಸುಣ್ಣ ಚಿಮುಕಿಸಿದ ಹಾಗೆ ಚುಕ್ಕೆ,
ಚುಕ್ಕೆಗಳ ಹಿಂದೆ, ಗುಡ್ಡದಲ್ಲಿ, ಮೇಯುತ್ತಿದ್ದ ಒಂದು ಆಡು.
ಇನ್ನೊಮ್ಮೆ ಹಿಡಿಯುತ್ತೀರಾ, ಕೊಂಚ ಎಡಕ್ಕೆ,
ಕೇಳಿದಳು ನಮ್ಮ ನಿರ್ದೇಶಕಿ ಡೀಡ್ರಿ.
ಹಿಡಿದಳು.
ಎರಡನೇ ಸಲ ಆಡು ಇರಲಿಲ್ಲ.

ಆಮೇಲೆ ನನ್ನ ಸರದಿ. ಯಾಕೆ ಸುಮ್ಮನಿರಬೇಕು? ಎಂದಳು.
ದುಭಾಷಿ ಹುಡುಗ ಟ್ಸೆಲಿಸೊನ ಮೂಲಕ ವಿವರಿಸಿದೆ:
ನಿಮ್ಮ ಮಾತನ್ನು ಕತ್ತರಿಸುತ್ತೇವೆ ತಾಯಿ,
ಕತ್ತರಿಸಿದಲ್ಲಿ ತೂತು ಬೀಳುತ್ತದೆ,
ತೇಪೆಗೆ ಇದೇ ಮನೆಯ ಮೌನ ಬೇಕು.

ಅವಳು ಟ್ಸೆಲಿಸೊನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.
ಈ ಮನೆಗೆ ಎಲ್ಲಿಯ ಮೌನ?
ಒಂಬತ್ತು ವರ್ಷ ರಾತ್ರಿಯೆಲ್ಲ ಕೆಮ್ಮು.
ಹೋದ ಚಳಿಗಾಲ ಬಂದಿದ್ದರೆ
ಬೇಕಾದಷ್ಟು ತುಂಬಿಕೊಂಡು ಹೋಗುತ್ತಿದ್ದಿರಿ.
ಇದು ಹೊಸದು,
ನನಗೇ ಇನ್ನೂ ರೂಢಿಯಾಗಿಲ್ಲ.

ಆದರೂ ಕೂತಳು, ಕೈ ಮಡಿಚಿ.
ಬಿಸಿಲಿಳಿದು ತಗಡಿನ ಮಾಡು ತಣಿಯುವ ಟಕ್.
ಸಕ್ಕರೆ ಡಬ್ಬಿಯ ಸುತ್ತ ಒಂದು ನೊಣ.
ದೂರದಲ್ಲಿ ಯಾರೋ ಹುಡುಗ ದನ ಕರೆದದ್ದು.
ಹತ್ತೊಂಬತ್ತನೇ ಸೆಕೆಂಡಿಗೆ
ಅವಳು ಟೋಪಿಯ ಕುರ್ಚಿಯತ್ತ ತಿರುಗಿದಳು,
ಹೊದ್ದ ಕಂಬಳಿ ಸರಿದ ಸದ್ದು.
ಕಸುಬಿನ ಲೆಕ್ಕದಲ್ಲಿ ಕೆಟ್ಟುಹೋದ ಟೇಕ್.
ಇನ್ನೊಮ್ಮೆ ಎನ್ನಲಿಲ್ಲ ನಾನು.

ಜೊಹಾನೆಸ್‌ಬರ್ಗ್, ಹದಿನಾಲ್ಕನೇ ಮಹಡಿ.
ಕಂಪನಿಯ ವಕೀಲರ ಕೋಣೆಗೆ ದಪ್ಪ ಜಮಖಾನೆ,
ಅಲ್ಲಿಯ ಮೌನಕ್ಕೂ ಬಾಡಿಗೆ ಇದ್ದಂತಿತ್ತು.
ಅರ್ಜಿದಾರ ತೀರಿಕೊಂಡಿದ್ದಾನೆ, ಎಂದರು ಅವರು.
ಆ ಕೆಮ್ಮು ಗಣಿಯದ್ದೇ ಎನ್ನಲು ಸಾಕ್ಷ್ಯ ಸಾಲದು.
ಎರಡು ವಾಕ್ಯದ ನಡುವೆ ನೀರು ಕುಡಿದರು, ಗಂಟಲಲ್ಲಿ ಗೊಳಕ್.
ಕತ್ತರಿಸಿದೆವು. ತೂತು ಬಿತ್ತು.

ಅವರ ಕೋಣೆಯ ಮೌನವೂ ನನ್ನಲ್ಲಿತ್ತು, ಒಳ್ಳೆಯ ಟೇಕ್.
ಹಾಕಲಿಲ್ಲ.
ಎರಡೂವರೆ ಸೆಕೆಂಡ್, ತುಂಬ ತಗ್ಗಿಸಿ,
ಮಾಪಾಲೆಸಾಳ ಮನೆ ತೇಪೆ ಹಾಕಿದೆ.
ಯಾರಿಗೂ ಹೇಳಿಲ್ಲ, ಡೀಡ್ರಿಗೂ.
ಸಾಕ್ಷ್ಯಚಿತ್ರ ಅನ್ನುತ್ತಾರೆ ನಾವು ಮಾಡುವುದನ್ನು,
ಹೆಸರಿನಲ್ಲೇ ಪ್ರಮಾಣ ಮಾಡಿ ಕೂತಿದೆ,
ಅದರೊಳಗೆ ಇದೊಂದು ಸುಳ್ಳು.
ಚಿತ್ರ ಊರೂರು ತಿರುಗಿತು. ಒಂದು ಫಲಕ ಬಂತು.
ವಕೀಲರು "ಸಾಲದು" ಎಂದು ಬಾಯಿ ಮುಚ್ಚಿದಾಗಲೆಲ್ಲ
ಹದಿನಾಲ್ಕನೇ ಮಹಡಿಯಲ್ಲಿ ತಗಡು ಟಕ್ಕೆನ್ನುತ್ತದೆ.
ಈವರೆಗೆ ಯಾರೂ ಕೇಳಿಸಿಕೊಂಡಿಲ್ಲ.

ಅವಳಿಗೆ ಕಳಿಸಿದ ಪ್ರತಿ ತಲುಪಿತೋ ಗೊತ್ತಿಲ್ಲ,
ನೋಡಲು ಆ ಮನೆಯಲ್ಲಿ ಏನೂ ಇರಲಿಲ್ಲ.
ಕೆಲವು ರಾತ್ರಿ ಆ ಭರಣಿ ಇಳಿಸಿ ಕಿವಿಗಿಟ್ಟುಕೊಳ್ಳುತ್ತೇನೆ.
ನೊಣ. ಹುಡುಗನ ಕೂಗು. ಹತ್ತೊಂಬತ್ತಕ್ಕೆ ಕಂಬಳಿ.
ನನಗೆ ಕೆಮ್ಮು ಬಂದರೂ
ಮೂವತ್ತು ಮುಗಿಯುವ ತನಕ ತಡೆದುಕೊಳ್ಳುತ್ತೇನೆ.